ಉತ್ತರದ ಗೋಡೆ

ಫೆಬ್ರವರಿ 3, ಸಂಜೆ

ಇವತ್ತೂ ಅಳೆದದ್ದೇ ಅಳೆದದ್ದು. ಟೇಪಿನ ಆ ತುದಿ ಹಿಡಿಯಲು ಯಾರೂ ಇಲ್ಲ, ಕಲ್ಲು ಇಟ್ಟು ಹಿಡಿದೆ. ಆರ್ಕಿಟೆಕ್ಚರ್ ಕ್ಲಾಸಿನವರೆಲ್ಲ ಸಿಟಿಯ ಬಂಗಲೆ, ಬ್ಯಾಂಕು ಆರಿಸಿಕೊಂಡರು. ನಾನು ಮಹಾ ಬುದ್ಧಿವಂತೆ, ಅಜ್ಜಿಯ ಊರಿನ ಚರ್ಚು. ಊಟ ಫ್ರೀ ಎಂಬ ಒಂದೇ ಕಾರಣಕ್ಕೆ. ಹಳೆಯ ಕಟ್ಟಡ ಅಳೆದು, ಬರೆದು, ರಿಪೇರಿಗೆ ಪ್ರಪೋಸಲ್ ಕೊಡಬೇಕು. ಫೇಲಾದರೆ ಫಸ್ಟ್ ಇಯರ್ ರಿಪೀಟ್.

ಮೊದಲು ಒಂದೇ ಕೋಣೆ ಇತ್ತೆಂದು ಕಾಣುತ್ತದೆ. ಗಂಟೆಗೋಪುರ ಆಮೇಲಿನದು, ಎರಡೂ ಸೇರುವಲ್ಲಿ ಬಿರುಕು. ಉತ್ತರದ ಗೋಡೆಯಲ್ಲಿ ಮುಚ್ಚಿಹೋದ ಒಂದು ಗಿಡ್ಡ ಬಾಗಿಲು. ಕಮಾನಿನ ಕಲ್ಲುಗಳ ನಡುವೆ ಬ್ಲೇಡೂ ತೂರುವುದಿಲ್ಲ, ಅಷ್ಟು ನಾಜೂಕು. ಒಳಗೆ ತುಂಬಿದ್ದು ಮಾತ್ರ ಕಸ. ಹೊಲದ ಕಲ್ಲು, ಕೆಸರು, ಒಂದು ಬೀಸುಕಲ್ಲಿನ ಅರ್ಧ. ಯಾವ ಪುಣ್ಯಾತ್ಮನ ಕೆಲಸವೋ. ಹಾಳು ಮಾಡುವುದಕ್ಕೂ ಒಂದು ಮರ್ಯಾದೆ ಬೇಡವೇ?

ಅಜ್ಜಿಯನ್ನು ಕೇಳಿದೆ.

"ಅದು ಗೋಡೆ. ಗೋಡೆ ಅಂತ ಬರಿ."

ಥ್ಯಾಂಕ್ಯೂ ವೆರಿ ಮಚ್.

ಫೆಬ್ರವರಿ 6, ಕಾಲೇಜು

ರಿವ್ಯೂ. ಸೆಟ್‌ಸ್ಕ್ವೇರ್ ಸರ್ (ಮಾತಾಡುವಾಗೆಲ್ಲ ಅದರ ಮೂತಿಯಿಂದ ತಿವಿಯುತ್ತಾರೆ, ಅದಕ್ಕೇ ಆ ಹೆಸರು) ಎಲ್ಲರೆದುರು ನನ್ನ ಶೀಟು ತಿವಿದರು.

"ಇದು ಸತ್ತ ಡ್ರಾಯಿಂಗು. ನಿನ್ನ ಐಡಿಯಾ ಎಲ್ಲಮ್ಮ?"

ಬಾಯಿಗೆ ಬಂದದ್ದು ಒದರಿದೆ. ಮುಚ್ಚಿದ ಬಾಗಿಲು ತೆರೆಯೋಣ, ಬೆಳಕು ಬರುತ್ತೆ, ಗಿಡ್ಡ ಕಮಾನು, ಹ್ಯೂಮನ್ ಸ್ಕೇಲ್, ಮನುಷ್ಯನ ಅಳತೆಗೆ ತಕ್ಕದ್ದು... ಸರ್ ಸೆಟ್‌ಸ್ಕ್ವೇರ್ ಕೆಳಗಿಟ್ಟರು.

"ಗುಡ್. ಆಮೇಲೆ ತುರುಕಿದ್ದನ್ನ ತೆಗಿ, ಒರಿಜಿನಲ್ ಉಳಿಸು."

ಆ ಒಂದು 'ಗುಡ್'ಗೆ ಬಸ್ಸಿನುದ್ದಕ್ಕೂ ಹಲ್ಲು ಕಿರಿಯುತ್ತಾ ಬಂದೆ. ನನ್ನ ಮೇಲೆ ನನಗೇ ಸಿಟ್ಟು.

ಫೆಬ್ರವರಿ 13

ಫಾದರ್‌ಗೆ ಶೀಟು ತೋರಿಸಿದ್ದೆ. ಈ ಊರಿಗೆ ಬಂದು ಇನ್ನೂ ವರ್ಷ ಆಗಿಲ್ಲ ಅವರಿಗೆ.

"ಒಳ್ಳೇದಾಯ್ತಮ್ಮ. ಒಳಗೆಲ್ಲ ಕತ್ತಲೆ. ಬೆಂಕಿ ಗಿಂಕಿ ಆದ್ರೆ ಓಡೋಕೆ ಇರೋದೊಂದೇ ಬಾಗಿಲು. ಹೇಗೂ ಸೋಮವಾರ ಮೇಸ್ತ್ರಿ ಸೂರು ರಿಪೇರಿಗೆ ಬರ್ತಾನೆ, ಇದನ್ನೂ ಒಡೆಸಿಬಿಡೋಣ."

ಪೇಪರಿನಲ್ಲಲ್ಲ. ನಿಜವಾಗಿ.

ಮನೆಗೆ ಓಡಿ ಬಂದು ಹೇಳಿದರೆ ಅಜ್ಜಿ ತಟ್ಟೆ ಕುಕ್ಕಿದಳು. ಅನ್ನ ಹಾರಿ ನನ್ನ ಶೀಟಿನ ಮೇಲೆ.

"ನಾನು ಏನೋ ಒಂದು ನೆಟ್ಟಗೆ ಮಾಡಿದ್ರೂ ಭೇಷ್ ಅನ್ನಲ್ವಾ ಅಜ್ಜಿ?"

"ನಿನ್ನನ್ನ ಹಾಸ್ಟೆಲ್‌ಗೆ ಹಾಕಿದ್ದು ನಿಮ್ಮಪ್ಪನ ತಪ್ಪು. ಊರಿನ ಗಂಧ ಗಾಳಿ ಇಲ್ಲ."

"ಯಾರಾದ್ರೂ ಹೇಳಿದ್ರೆ ತಾನೇ ಗೊತ್ತಾಗೋದು."

ಎದ್ದು ಹೋದಳು. ಹೋಗಲಿ. ನಾನೂ ಮಾತಾಡಲ್ಲ.

ಫೆಬ್ರವರಿ 15, ಭಾನುವಾರ

ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಅಜ್ಜಿ ರಟ್ಟೆ ಹಿಡಿದು ಉತ್ತರದ ಕಂಬದ ಹಿಂದೆ ಎಳೆದೊಯ್ದಳು.

"ನಿಲ್ಲು ಇಲ್ಲಿ. ಫಾದರ್ ಪೂಜೆ ಮಾಡೋ ಬಲಿಪೀಠ ಕಾಣುತ್ತಾ?"

ಕಾಣಲಿಲ್ಲ. ನನ್ನ ಪ್ಲಾನಿನಲ್ಲಿ ಈ ಜಾಗಕ್ಕೆ 'ಡೆಡ್ ಸ್ಪೇಸ್', ಉಪಯೋಗಕ್ಕಿಲ್ಲದ್ದು ಎಂದು ಬರೆದಿದ್ದೇನೆ.

"ನಾವು ನಿಲ್ತಿದ್ದದ್ದು ಇಲ್ಲಿ. ದೊಡ್ಡ ಬಾಗಿಲು ಹೊಲದ ಯಜಮಾನರಿಗೆ. ಅದೇ ಹೊಲದಲ್ಲಿ ಗೇಯೋ ನಮಗೆ ಆ ಕಮಾನು. ಬಗ್ಗಿ ಬರ್ಲಿ ಅಂತಾನೇ ಗಿಡ್ಡ ಕಟ್ಟಿದ್ದು."

ಹ್ಯೂಮನ್ ಸ್ಕೇಲ್.

"ನಾನಿನ್ನೂ ಸಣ್ಣವಳು. ಒಂದಿನ ನಮ್ಮೋರೆಲ್ಲ ಸೇರಿ ಹಾಡಹಗಲೇ ಅದನ್ನ ಮುಚ್ಚಿಬಿಟ್ರು. ಗಾರೆ ಕೆಲಸ ಒಬ್ಬರಿಗೂ ಬರಲ್ಲ, ಕೈಗೆ ಸಿಕ್ಕಿದ್ದು ತುಂಬಿದ್ರು. ನಮ್ಮಮ್ಮ ಒಡೆದ ಬೀಸುಕಲ್ಲು ಹೊತ್ತು ತಂದಳು. ಆ ಬಾಗಿಲೇ ಇಲ್ಲ ಅಂದ್ಮೇಲೆ ದೊಡ್ಡ ಬಾಗಿಲಿಂದ ತಾನೇ ಬರ್ಬೇಕು?"

"ಬಂದ್ರಾ?"

"ಬಂದ್ವಿ. ಯಜಮಾನರೆಲ್ಲ ಎದ್ದು ಹೋದ್ರು. ಬೆಂಚು ಖಾಲಿ. ಆರಾಮಾಗಿ ಕೂತ್ವಿ."

ನಕ್ಕಳು. ನನಗೆ ನಗು ಬರಲಿಲ್ಲ.

"ಮೊದಲೇ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಬೆನ್ನು ಬಗ್ಗಿಸಿ ಒಳಗೆ ಬರ್ತಿದ್ವಿ ಅಂತ ಮೊಮ್ಮಗಳ ಹತ್ರ ಹೇಳ್ಕೊಳ್ಳೋದಾ?"

ಕಸ ಎಂದು ಬರೆದಿದ್ದೇನೆ. ಇದೇ ಪುಸ್ತಕದಲ್ಲಿ, ಇದೇ ಕೈಯಲ್ಲಿ.

ಫಾದರ್ ಊರಲ್ಲಿಲ್ಲ, ಪೂಜೆ ಮುಗಿಸಿದವರೇ ಬಿಷಪ್ಪರ ಮೀಟಿಂಗಿಗೆ ಹೋದರು. ಫೋನ್ ಸ್ವಿಚ್ ಆಫ್. ಸರ್‌ಗೆ ಮಾಡಿದೆ. ಪೂರ್ತಿ ಕೇಳಿದರು, ಅದು ನಿಜ. ಆಮೇಲೆ —

"ಸೆಂಟಿಮೆಂಟ್ ಬೇರೆ, ಆರ್ಕಿಟೆಕ್ಚರ್ ಬೇರೆ. ಈಗ ಪ್ರಪೋಸಲ್ ಬದಲಾಯಿಸಿದ್ರೆ ರಿಪೀಟೇ ಗತಿ."

ಯಜಮಾನರು ಕಟ್ಟಿದರೆ ಒರಿಜಿನಲ್. ನಮ್ಮವರು ಕಟ್ಟಿದರೆ ತುರುಕಿದ್ದು. ಫೋನಿನಲ್ಲಿ ಹೇಳಬೇಕಿದ್ದ ಮಾತು. ಹೇಳಿದ್ದು ಮಾತ್ರ "ಓಕೆ ಸರ್". ಥೂ.

ಶೀಟು ಹರಿದೆ. ಹರಿದರೆ ಏನು ಬಂತು, ಫಾದರ್ ಕಳಿಸಿದ ಅದರ ಫೋಟೋ ಮೇಸ್ತ್ರಿಯ ಮೊಬೈಲಿನಲ್ಲಿದೆ.

ಫೆಬ್ರವರಿ 16, ಬೆಳಿಗ್ಗೆ, ಚರ್ಚಿನೊಳಗೆ

ನಾನು ಬರುವಷ್ಟರಲ್ಲಿ ಅಜ್ಜಿ ಕಮಾನಿಗೆ ಅಡ್ಡ ಕುರ್ಚಿ ಹಾಕಿ ಕೂತಾಗಿದೆ. ಮೇಸ್ತ್ರಿ ನನ್ನನ್ನು ನೋಡಿ ತಲೆ ಕೆರೆದುಕೊಂಡ.

"ಡ್ರಾಯಿಂಗ್ ಕೊಟ್ಟಿದ್ದು ನೀವೇ. ಈಗ ಬೇಡ ಅನ್ನೋರೂ ನೀವೇ. ಫಾದರ್ ಒಡಿ ಅಂದಿದಾರೆ. ನಾನು ಯಾರ ಮಾತು ಕೇಳ್ಲಿ ಮೇಡಂ?"

"ನಾನು ಬರೆದದ್ದು ತಪ್ಪು" ಎಂದೆ. ಈ ಸಲ ಹೇಳಿದೆ. ಅವನು ಹೊರಗೆ ಹೋಗಿ ಯಾರಿಗೋ ಫೋನ್ ಮಾಡುತ್ತಿದ್ದಾನೆ.

"ಅದೇನು ಬರೀತಾ ಇರ್ತೀಯೋ. ನಂಗೊಬ್ಬಳಿಗೆ ಇಷ್ಟಗಲ ಬಾಗಿಲು ಮುಚ್ಚೋಕಾಗಲ್ಲ. ಇನ್ನೊಂದು ಕುರ್ಚಿ ತಾ."

ತಂದು ಅಜ್ಜಿಯ ಪಕ್ಕ ಕೂತೆ. ಬೆನ್ನಿಗೆ ಕಲ್ಲು ಒತ್ತುತ್ತಿದೆ. ಮೇಸ್ತ್ರಿ ವಾಪಸ್ ಬಂದ, ಜೊತೆಗೆ ಇನ್ನಿಬ್ಬರು ಆಳುಗಳು. ಏಳಿ ಮೇಡಂ ಅಂದ. ಏಳಲ್ಲ ಅಂದೆ. ಹಾರೆ ಕೆಳಗಿಟ್ಟ. ಈಗ ಅಜ್ಜಿಯ ಕುರ್ಚಿಗೆ ಕೈ ಹಾಕುತ್ತಿದ್ದಾನೆ. ಪೆನ್ನು ಇಡುತ್ತೇನೆ, ಅವಳ ಕೈ ಹಿಡಿಯಬೇಕು.