ಅರವತ್ತನಾಲ್ಕನೆಯ ಕಂತು

ನೆರೆಗಟ್ಟೆ, ಕೃಷ್ಣೆಯ ಹಿನ್ನೀರು
ಫೆಬ್ರವರಿ ಮೂವತ್ತೊಂದು, 2247

ಶ್ರೀಮತಿ ಪ್ರಮೀಳಾ ಹುಂಡೇಕಾರ ಅವರಿಗೆ ನಮಸ್ಕಾರಗಳು.

ತಾರೀಖು ನೋಡಿದ ಕೂಡಲೇ ಇದು ಯಾರೋ ಕೆಲಸವಿಲ್ಲದವರ ಕಿಡಿಗೇಡಿತನ ಎಂದು ಅಳಿಸಿಬಿಡಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದು ದಿನ. ಹೆಚ್ಚಾದ ದಿನಗಳನ್ನು ಐದು ವರ್ಷಕ್ಕೊಮ್ಮೆ ಒಂದು ತಿಂಗಳನ್ನೇ ಬಿಟ್ಟು ಸರಿಮಾಡಿಕೊಳ್ಳುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದೇ ನಿಮ್ಮ ಬ್ಲಾಗಿನಿಂದ. ಆದ್ದರಿಂದ ನಡುನಡುವೆ ಟೇಲರಿಂಗ್ ಅಂಗಡಿಯವಳ ಹಾಗೆ ಕೇಳಿಸಿದರೆ ಆ ತಪ್ಪು ನಿಮ್ಮದು, ನನ್ನದಲ್ಲ.

ನನ್ನ ಹೆಸರು ದಾನಮ್ಮ ಅಂಬಿಗೇರ. ಈ ಊರಿನ ಓದುಗಿತ್ತಿ. ಈ ಪತ್ರ ನಿಮ್ಮ ‘ಸುಲೋಚನಾ ಲೇಡೀಸ್ ಟೇಲರ್’ ಬ್ಲಾಗಿನ ಅರವತ್ತಮೂರನೆಯ ಕಂತಿನ ಕೆಳಗೆ, ಕಾಮೆಂಟಿನ ಜಾಗದಲ್ಲಿ ನಿಮಗೆ ಕಾಣಿಸಬೇಕು. ಇದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನವರಿಗೆ ಬರೆಯುವ ಓಲೆ. ಅದು ಹೇಗೆ ಹೋಗುತ್ತದೆ ಎಂದು ಕೇಳಬೇಡಿ. ನಿಮ್ಮ ಕಾಲದ ಕಂಪ್ಯೂಟರ್ ಪೆಟ್ಟಿಗೆಯನ್ನು ರಿಪೇರಿ ಮಾಡಿದ ಯಮನಪ್ಪನಿಗೇ ಅದು ಗೊತ್ತಿಲ್ಲ, ಕೇಳಿದರೆ ಸಿಟ್ಟಾಗುತ್ತಾನೆ. ಒಂದು ಊರಿಗೆ ವರ್ಷಕ್ಕೆ ಒಂದೇ ಹಿಂದೋಲೆ. ಈ ವರ್ಷದ್ದನ್ನು, ನಮ್ಮ ಊರಿನ ಮೊದಲನೆಯದನ್ನು, ಊರಿನವರನ್ನು ಕೇಳದೆ ನಾನೇ ಬಳಸಿಕೊಳ್ಳುತ್ತಿದ್ದೇನೆ.

ನಮ್ಮ ಊರು ನೀರಿನ ಮೇಲೆ ಕಂಬಗಳ ಮೇಲಿದೆ. ನೂರಾ ಹತ್ತು ಮನೆ. ಬೇಸಿಗೆಯಲ್ಲಿ, ನಮಗೆ ಅದು ಡಿಸೆಂಬರಿಗೇ ಶುರು, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಹೊರಗೆ ಕಾಲಿಡುವ ಹಾಗಿಲ್ಲ, ಚರ್ಮ ಸುಲಿಯುತ್ತದೆ. ಆ ಹೊತ್ತಿಗೆ ಮುಚ್ಚುಹೊತ್ತು ಎನ್ನುತ್ತೇವೆ. ಎಲ್ಲರೂ ಓದುಗಟ್ಟೆಯ ದಪ್ಪ ಚಾವಣಿಯ ಕೆಳಗೆ ಸೇರುತ್ತಾರೆ. ಒಬ್ಬರು ಬಲೆ ಹೆಣೆಯುತ್ತಾರೆ, ಇನ್ನೊಬ್ಬರು ಜೋಳ ಆರಿಸುತ್ತಾರೆ, ಮತ್ತೊಬ್ಬರು ಬಾಯಿ ತೆರೆದು ನಿದ್ದೆ ಹೊಡೆಯುತ್ತಾರೆ. ನಾನು ಮಣೆಯ ಮೇಲೆ ಕೂತು ಓದುತ್ತೇನೆ. ದಿನಕ್ಕೊಂದು ಕಂತು, ಅರವತ್ತಮೂರು ದಿನ. ಕೊನೆಯ ದಿನ ಎಲ್ಲರಿಗೂ ಚುರುಮುರಿ, ಬೆಲ್ಲ. ಓದುಗಿತ್ತಿಗೆ ಇರುವುದು ಒಂದೇ ಕಟ್ಟಳೆ: ಹಾಳೆಯಲ್ಲಿ ಇದ್ದದ್ದನ್ನು ಓದಬೇಕು, ಸ್ವಂತ ಮಾತು ಸೇರಿಸಿದರೆ ಮಣೆ ಬಿಡಬೇಕು. ಓದು ಮುಗಿದ ಮುಂದಿನ ಗುರುವಾರ ಇಬ್ಬರು ಹಿರಿಯರು ಹಾಳೆಗಳನ್ನು ಎಣಿಸಿ, ಪರೀಕ್ಷಿಸಿ ಪೆಟಾರಿಯಲ್ಲಿ ಇಡುತ್ತಾರೆ.

ನಿಮ್ಮ ಕಥೆ ಇಲ್ಲಿಗೆ ಬಂದದ್ದು ನನ್ನ ಮುತ್ತಜ್ಜಿ ಕೆಂಚವ್ವನಿಂದ. ಪೆಟ್ಟಿಗೆಯ ಶಕ್ತಿ ಮುಗಿಯುತ್ತ ಬಂದಾಗ ಆಕೆ ಪರದೆಯ ಮುಂದೆ ಕೂತು, ಮೇಲಿನಿಂದ ಕೆಳಗೆ ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡಳಂತೆ. ಶಾಯಿ ಉಳಿಸಲು ತಾರೀಖು ಬಿಟ್ಟಳು, ಕಂತಿನ ಸಂಖ್ಯೆ ಬಿಟ್ಟಳು. ಆದರೆ ನಿಮ್ಮ ಬ್ಲಾಗಿನಲ್ಲಿ ಹೊಸದು ಮೇಲೆ, ಹಳೆಯದು ಕೆಳಗೆ. ಮುತ್ತಜ್ಜಿಗೆ ಅದು ಹೊಳೆಯಲಿಲ್ಲ. ಹಾಗಾಗಿ ಮೂರು ತಲೆಮಾರು ನಾವು ನಿಮ್ಮ ಕಥೆಯನ್ನು ಹಿಂದುಮುಂದಾಗಿ ಓದಿದೆವು, ಪ್ರಮೀಳಾ ಅವರೇ. ನಗಬೇಡಿ. ನಮ್ಮ ಕಥೆಯಲ್ಲಿ ಮೊದಲು ಯಾರೋ ಬಾಗಿಲು ಬಡಿಯುತ್ತಾರೆ, ಸುಲೋಚನಾ ಏಳುತ್ತಾಳೆ. ಆಮೇಲೆ ಬಹಳ ದಿನ ಒಬ್ಬಳೇ ಹೊಲಿಯುತ್ತ ಕೂರುತ್ತಾಳೆ. ಒಂದು ದಿನ ಮಗಳು ಇಂಚರಾ ತಲೆಗೂದಲು ಕತ್ತರಿಸಿಕೊಂಡ ವಿಷಯಕ್ಕೆ ಜಗಳ ಮಾಡುತ್ತಲೇ ಮನೆಗೆ ಬಂದುಬಿಡುತ್ತಾಳೆ. ಅಲ್ಲಿಂದ ದಿನದಿನಕ್ಕೂ ಇಬ್ಬರ ಪ್ರೀತಿ ಹೆಚ್ಚುತ್ತ, ಕೊನೆಗೆ ಇಬ್ಬರೂ ಸೇರಿ ಅಂಗಡಿಯ ಬೋರ್ಡಿಗೆ ಬಣ್ಣ ಬಳಿಯುತ್ತಾರೆ. ಎಷ್ಟು ಚೆಂದದ ಕಥೆ! ಇದು ನಿಜವಾಗಿ ನಡೆದದ್ದೆಂದೇ ಊರೆಲ್ಲ ನಂಬಿತ್ತು.

ಎಲ್ಲರಿಗಿಂತ ಹೆಚ್ಚಾಗಿ ನಂಬಿದವಳು ಕಾಶವ್ವ. ನಮ್ಮ ಮನೆಯಿಂದ ಮೂರನೆಯ ಕಂಬದವಳು, ಬುಟ್ಟಿ ಹೆಣೆಯುತ್ತಾಳೆ. ಅವಳ ಮಗಳು ಮಹಾನಂದಾ ಎರಡು ವರ್ಷದ ಹಿಂದೆ ತಾಯಿಯ ಮೇಲೆ ಮುನಿಸಿಕೊಂಡು ಬೀಜ ಮಾರುವವರ ದೋಣಿ ಹತ್ತಿ ಹೊಳೆಯ ಮೇಲ್ನೀರಿನ ಊರುಗಳ ಕಡೆ ಹೋದವಳು ತಿರುಗಿ ಬಂದಿಲ್ಲ. ಸುದ್ದಿಯೂ ಇಲ್ಲ. ಯಾರಾದರೂ ಸಮಾಧಾನ ಹೇಳಲು ಹೋದರೆ ಕಾಶವ್ವ, “ಜಗಳಾಡಿ ಹ್ವಾದಾಕಿ ಜಗಳಾಡ್ಕೋತನ ಬರ್ತಾಳ, ಸುಲೋಚನಾನ ಮಗಳು ಬರಲಿಲ್ಲೇನು?” ಎನ್ನುತ್ತಿದ್ದಳು.

ಹೋದ ಮಳೆಗಾಲದಲ್ಲಿ ಯಮನಪ್ಪ ಹಳೆಯ ಪೆಟ್ಟಿಗೆಗೆ ಜೀವ ತಂದ. ನಾನು ನೋಡಿದೆ. ತಾರೀಖು ಇತ್ತು, ಸಂಖ್ಯೆಯೂ ಇತ್ತು. ಬೋರ್ಡಿಗೆ ಬಣ್ಣ ಬಳಿದದ್ದು ಮೊದಲನೆಯ ಕಂತು. ಮೂವತ್ತೆಂಟರಲ್ಲಿ ಜಗಳ, ಮಗಳು ಹೋದಳು. ಅರವತ್ತಮೂರರ ಕೊನೆಯ ಸಾಲು, “ಬಾಗಿಲು ಬಡಿದ ಸದ್ದಾಯಿತು. ಎದ್ದೆ.” ಅಷ್ಟೇ. ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದೀರಿ. ಪಕ್ಕದಲ್ಲಿ ‘ನನ್ನ ಬಗ್ಗೆ’ ಎಂಬ ಪುಟ ಒತ್ತಿದರೆ, ತಾವು ಗದಗಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರೆಂದೂ, ಸುಲೋಚನಾ ಎಂಬವಳು ಇಲ್ಲವೇ ಇಲ್ಲವೆಂದೂ, ಪ್ರತಿ ಮಂಗಳವಾರ ಒಂದು ಕಂತು ಬರೆಯುವುದಾಗಿಯೂ ನೀವೇ ಬರೆದಿದ್ದೀರಿ. ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ, ಹೇಳುತ್ತೇನೆ, ಹೊಟ್ಟೆಕಿಚ್ಚೂ ಬಂತು. ಇಲ್ಲದವಳನ್ನು ಮೂರು ತಲೆಮಾರು ಇದ್ದಾಳೆಂದು ನಂಬಿಸಿದಿರಲ್ಲ, ಅದು ಹೇಗೆ?

ಹೇಗೆಂದು ತಿಳಿಯಲು ಕೂತು ಅರವತ್ತಮೂರನ್ನೂ ಸರಿಯಾದ ಕ್ರಮದಲ್ಲಿ ಓದಿದೆ. ಮೊದಲ ಕಂತು ಹನ್ನೊಂದೇ ಸಾಲು. ಸುಲೋಚನಾ ಯಾರು, ಗಂಡ ಎಲ್ಲಿ, ಯಾವ ಓಣಿ, ಒಂದನ್ನೂ ಹೇಳುವುದಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ಬಿಚ್ಚಲು ಚಮಚ ಸೊಟ್ಟಗಾದದ್ದು, ಮಗಳ ಲಂಗಕ್ಕೆ ನೀಲಿ ಬಿದ್ದದ್ದು, ಅಷ್ಟೇ. ಆದರೂ ಎರಡನೆಯದನ್ನು ಓದದೆ ಇರಲಾಗುವುದಿಲ್ಲ. ಬರೆಯಲು ಏನೂ ಸಿಗದ ವಾರ ಒಂದು ಗುಂಡಿ ಕಳೆದದ್ದನ್ನೇ ಬರೆದಿದ್ದೀರಿ. ಓದುಗರು ಕಾಮೆಂಟಿನಲ್ಲಿ ರವಿಕೆಯ ಅಳತೆ ಕೇಳಿದರೆ ಸುಲೋಚನಾಳಾಗಿಯೇ ಉತ್ತರ ಕೊಟ್ಟಿದ್ದೀರಿ. ಇಪ್ಪತ್ತೆರಡನೆಯದು ಮಾತ್ರ ಚೆನ್ನಾಗಿಲ್ಲ. ಅವಳ ಹಿಂದಿನ ಬದುಕನ್ನೆಲ್ಲ ಒಂದೇ ಉಸಿರಿಗೆ ಹೇಳಲು ಹೋಗಿ ಮೂರು ಮಾರು ಬರೆದಿದ್ದೀರಿ, ಆ ವಾರ ಕಾಮೆಂಟೂ ಇಲ್ಲ. ಇಪ್ಪತ್ತಮೂರಕ್ಕೆ ಬುದ್ಧಿ ಬಂದು ಮತ್ತೆ ಗುಂಡಿ, ದಾರ, ಕರೆಂಟು ಹೋದದ್ದು. ಒಂದು ಮಂಗಳವಾರವನ್ನೂ ತಪ್ಪಿಸದವರಿಗೆ ಅರವತ್ತನಾಲ್ಕನೆಯ ಮಂಗಳವಾರ ಏನಾಯಿತು? ಕಾಯಿಲೆಯೇ? ಬೇಸರವೇ? ಅಥವಾ ಬಾಗಿಲ ಆಚೆ ಯಾರಿದ್ದಾರೆ ಎಂದು ನಿಮಗೂ ಗೊತ್ತಾಗಲಿಲ್ಲವೇ?

ಈ ಬೇಸಿಗೆ ನಾನು ಕಟ್ಟೆಯ ಮೇಲೆ ಎಲ್ಲವನ್ನೂ ಹೇಳಿದೆ. ಇದು ಕಟ್ಟುಕಥೆ, ನಾವು ಓದುತ್ತಿದ್ದದ್ದು ತಿರುವುಮುರುವು, ಈ ಸಲ ಸರಿಯಾಗಿ ಓದುತ್ತೇನೆ ಎಂದೆ. ಕೆಲವರು ಬೈದರು. ಕಾಶವ್ವ ಅರವತ್ತಮೂರು ದಿನವೂ ಮುಂದಿನ ಸಾಲಿನಲ್ಲಿ ಬುಟ್ಟಿ ಹೆಣೆಯುತ್ತ ಕೂತಳು. ಮೂವತ್ತೆಂಟರ ದಿನ ಅವಳ ಕೈ ನಿಂತಿತು, ಅಷ್ಟೇ. ಹೋದ ಗುರುವಾರ ಕೊನೆಯ ಕಂತು. “ಎದ್ದೆ” ಎಂದು ಓದಿ ಹಾಳೆ ಕೆಳಗಿಟ್ಟೆ. ಕಾಶವ್ವ ತಲೆ ಎತ್ತಿ, “ಓದು. ಮುಂದ ಓದು” ಎಂದಳು. ಅವಳ ಮುಖ ನೋಡಿದೆ. ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡು ಅದರ ಖಾಲಿ ಬೆನ್ನು ನೋಡುತ್ತ ಓದಿಬಿಟ್ಟೆ: “ಬಾಗಿಲು ತೆರೆದೆ. ಇಂಚರಾ ನಿಂತಿದ್ದಳು. ಕೂದಲು ಉದ್ದ ಬೆಳೆದಿತ್ತು. ದೇವರು ದೊಡ್ಡವನು.” ಕಟ್ಟೆಯಲ್ಲಿ ಹೋ ಎಂದು ಸದ್ದಾಯಿತು. ಚುರುಮುರಿ ಹಂಚಿದರು. ನನ್ನ ಪಾಲನ್ನು ಪಕ್ಕದಲ್ಲಿದ್ದ ಮಗುವಿಗೆ ಕೊಟ್ಟುಬಿಟ್ಟೆ.

ಮಾರನೆಯ ದಿನ ಕಾಶವ್ವನ ಮನೆಯ ಕಟಕಟೆಯ ಮೇಲೆ ಮಹಾನಂದಾ ಹೊದೆಯುತ್ತಿದ್ದ ಕೌದಿ ಒಣಗುತ್ತಿತ್ತು. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಎಂಥ ಕೆಲಸ ಮಾಡಿಬಿಟ್ಟೆ! ಬಾರದವಳಿಗಾಗಿ ಹಾಸಿಗೆ ಹಾಸಿಟ್ಟುಕೊಂಡು ಕಾಯುವ ಹಾಗೆ ಮಾಡಿದೆನಲ್ಲ. ಈ ಪತ್ರ ಬರೆಯಬೇಕೆಂದು ಹೊಳೆದದ್ದು ಆಗಲೇ. ನೀವು ಅರವತ್ತನಾಲ್ಕನ್ನು ಬರೆದುಬಿಟ್ಟರೆ ಅದು ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ, ನನ್ನ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ, ಮಣೆಯೂ ಉಳಿಯುತ್ತದೆ. ಮೊದಲು ನಾನು ಯೋಚಿಸಿದ್ದು ಇಷ್ಟು ಕೀಳಾಗಿಯೇ, ಮುಚ್ಚಿಡುವುದಿಲ್ಲ. ಶುಕ್ರವಾರದಿಂದ ಗಂಟೆಗೊಮ್ಮೆ ಪೆಟ್ಟಿಗೆ ತೆರೆದು ನೋಡುತ್ತಿದ್ದೇನೆ, ಇನ್ನೂ ಕಳಿಸದ ಪತ್ರಕ್ಕೆ ಉತ್ತರ ಬಂದಿದೆಯೇ ಎಂದು! ಅರವತ್ತಮೂರು. ಒಲೆಯ ಮೇಲೆ ಅನ್ನ ಬಿಟ್ಟು ಹೋಗಿ ನೋಡಿದರೂ ಅರವತ್ತಮೂರೇ. ಈ ಸಾಲು ಬರೆಯುವ ಮೊದಲು ಕೂಡ ಎದ್ದು ಹೋಗಿ ಬಂದೆ. ಯಮನಪ್ಪ ಗುಂಡಿ ಸವೆಯುತ್ತದೆ ಎಂದು ರೇಗುತ್ತಿದ್ದಾನೆ.

ನಿನ್ನೆ ಮುಚ್ಚುಹೊತ್ತಿಗೆ ಸ್ವಲ್ಪ ಮುಂಚೆ ಕಾಶವ್ವನೇ ಮನೆಗೆ ಬಂದಳು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವ ಮೊದಲೇ, “ನೀ ಕಟ್ಟಿ ಓದಿದ್ದು ನಂಗ ಅವಾಗನ ಗೊತ್ತಾತು” ಎಂದಳು. “ಆ ಸುಲೋಚನಾ ಅರವತ್ತಮೂರು ದಿನದಾಗ ಒಮ್ಮಿನೂ ದೇವರ ಹೆಸರು ತಗದಿಲ್ಲ. ನೀ ತಗದಿ.” ಕೌದಿಯ ಮಾತೆತ್ತಿದೆ. “ಹೊಲಸಾಗಿತ್ತು, ಒಗದೆ. ನನ್ನ ಮಗಳು ಬರ್ತಾಳೋ ಇಲ್ಲೋ ನಿನ್ನ ಹಾಳಿ ನೋಡಿ ತಿಳ್ಕೊಳ್ಳೂವಷ್ಟು ಹುಚ್ಚಿ ಅಲ್ಲ ನಾ” ಎಂದು ನಕ್ಕಳು. ಹೊಸ್ತಿಲು ದಾಟುವಾಗ ತಿರುಗಿ ನಿಂತಳು. “ಆದ್ರ ಬಾಗಿಲಾ ತಗದ ಮ್ಯಾಲ ಹಂಗ ಬಿಡಬ್ಯಾಡ. ಆಕಿ ಬಂದ ಮ್ಯಾಲ ಏನಾತು, ಗುರುವಾರ ಅದನ್ನ ಓದು. ನಂಗ ಕೇಳಬೇಕಾಗೈತಿ.”

ಆದ್ದರಿಂದ, ಪ್ರಮೀಳಾ ಅವರೇ, ನನ್ನ ಬೇಡಿಕೆ ಬದಲಾಗಿದೆ. ನನ್ನ ಸುಳ್ಳನ್ನು ಮುಚ್ಚಿಕೊಡಿ ಎಂದು ಕೇಳುತ್ತಿಲ್ಲ. ಗುರುವಾರ ಹಿರಿಯರ ಮುಂದೆ ನಿಜ ಹೇಳುತ್ತೇನೆ, ಮಣೆ ಹೋದರೆ ನೆಲದ ಮೇಲೆ ಕೂತು ಓದುತ್ತೇನೆ. ಆದರೆ ಓದಲು ಏನಿದೆ? ಇವತ್ತು ಬೆಳಗಿನಿಂದ ಹದಿಮೂರು ಸಲ ಬರೆದು ಹರಿದೆ. ನಾನು ಬರೆದರೆ ಇಂಚರಾ ಬಾಗಿಲಲ್ಲೇ ತಾಯಿಯ ಕಾಲು ಹಿಡಿಯುತ್ತಾಳೆ, ಕ್ಷಮಿಸು ಎನ್ನುತ್ತಾಳೆ, ಗಳಗಳ ಅಳುತ್ತಾಳೆ. ಹಾಗೆ ಯಾವ ಮಗಳೂ ಮಾಡುವುದಿಲ್ಲ, ಅದು ನನಗೂ ಗೊತ್ತು, ಕಾಶವ್ವನಿಗಂತೂ ಚೆನ್ನಾಗಿ ಗೊತ್ತು. ಹದಿನಾಲ್ಕನೆಯದನ್ನು ನಿಮ್ಮ ಹಾಗೆ ಸಣ್ಣ ವಸ್ತುವಿನಿಂದ ಶುರುಮಾಡೋಣವೆಂದು ಅವಳ ಚಪ್ಪಲಿಯಿಂದ ಶುರುಮಾಡಿದೆ. ಒಂದು ಬಾರು ಕಿತ್ತಿತ್ತು ಎಂದು ಬರೆದೆ. ಇದು ಸ್ವಲ್ಪ ವಾಸಿ ಅನಿಸಿತು. ಅಲ್ಲಿಂದ ಮುಂದಕ್ಕೆ ಪೆನ್ನು ಓಡುತ್ತಿಲ್ಲ. ಕಥೆ ಶುರುಮಾಡಿದವರಿಗೆ ವಾರವಾರವೂ ಹೀಗೇ ಆಗುತ್ತಿತ್ತೇ? ಆಗುತ್ತಿದ್ದರೂ ಮಂಗಳವಾರ ಬರೆದು ಹಾಕುತ್ತಿದ್ದಿರಲ್ಲ, ದೊಡ್ಡವರು ನೀವು.

ಇವತ್ತೇ ಮಂಗಳವಾರ. ನಿಮ್ಮಲ್ಲೂ ಯಾವುದೋ ಒಂದು ಮಂಗಳವಾರ ಇದನ್ನು ನೋಡುತ್ತೀರಿ ಎಂದುಕೊಂಡಿದ್ದೇನೆ. ಇಡೀ ಕಂತು ಬೇಡ, ಅದನ್ನು ನಾನು ಹೇಗೋ ಹೊಲಿದುಕೊಳ್ಳುತ್ತೇನೆ. ಒಂದೇ ಒಂದು ಸಾಲು ಬರೆದುಕೊಡಿ. ತಾಯಿ ಎದುರಿಗಿದ್ದಾಳೆ, ಎರಡು ವರ್ಷವಾಗಿದೆ, ಬಾಗಿಲು ತೆರೆದೇ ಇದೆ. ಹುಡುಗಿ ಮೊದಲು ಏನಂದಳು?

ಇಂತು,
ದಾನಮ್ಮ ಅಂಬಿಗೇರ