ಕೇಳಿಸುವ ತನಕ

ಮಾರ್ಚ್ ೩, ಬೆಳಿಗ್ಗೆ ೧೧

ಮೂರನೆಯ ಹಾಡಿನ ಮಿಕ್ಸ್, ದನಿ-ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ. ನಿಮಿಷಕ್ಕೆ ನೂರಮೂವತ್ತನಾಲ್ಕು ಏಟು. ಡ್ರಮ್ ಬರಬೇಕಾದಲ್ಲಿ ಬರುವುದಿಲ್ಲ, ಬೇಡವಾದಲ್ಲಿ ಎಡವಿಕೊಂಡು ಬರುತ್ತದೆ. ಕಾಲು ಕುಣಿಯುವುದೇ ಅದಕ್ಕೆ. ಮೇಲೆ ಹುಡುಗಿಯ ದನಿ, ಸ್ಪೀಡ್ ಏರಿಸಿ ಕೀಚಲು ಮಾಡಿದ್ದು. ಪಕ್ಕಾ ಹಳೆಯ ‘ಗ್ಯಾರೇಜ್’ ಶೈಲಿ, ಕ್ಲಬ್ಬುಗಳಲ್ಲಿ ಕುಣಿಯುವ ಹಾಡು. ನನ್ನ ಇಪ್ಪತ್ತೈದನೆಯ ವಯಸ್ಸಿನ ಮ್ಯೂಸಿಕ್. (ಆಗ ‘ಗ್ಯಾರೇಜ್ ಕೆಲಸ’ ಎಂದಿದ್ದಕ್ಕೆ ಮಾವನವರು ಗಾಡಿ ರಿಪೇರಿ ಎಂದುಕೊಂಡು ಧೈರ್ಯವಾಗಿ ಇವಳನ್ನು ಕೊಟ್ಟು ಮದುವೆ ಮಾಡಿದರು.)

ಹಾಡುವ ಹುಡುಗಿಗೆ ಇಪ್ಪತ್ತೆರಡು. ಆಗ ಹುಟ್ಟಿಯೇ ಇರಲಿಲ್ಲ. ಅಮ್ಮನ ಕ್ಯಾಸೆಟ್ ಕೇಳಿ ಬೆಳೆದವಳು. “ಸರ್, ಆಗಿನ ಥರಾನೇ ಬೇಕು” — ಒಂದೇ ಹಠ.

ಹೈ-ಹ್ಯಾಟ್ ಮಂಕು. ಡ್ರಮ್ಮಿನ ಆ ತಟ್ಟೆಗಳ ‘ಚಿಕ್ ಚಿಕ್’ ಎದ್ದು ಬರುತ್ತಿಲ್ಲ. ಸ್ವಲ್ಪ ಏರಿಸಿದೆ.

ಮಾರ್ಚ್ ೪

ಇವತ್ತೂ ಮಂಕು. ಕೇಬಲ್ ಬದಲಾಯಿಸಿದೆ. ಸ್ಪೀಕರ್ ಬದಲಾಯಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇನ್ನಷ್ಟು ಏರಿಸಿದೆ.

ಮಾರ್ಚ್ ೬

ವಾಷಿಂಗ್ ಮೆಷಿನ್ ಹತ್ತು ನಿಮಿಷದಿಂದ ಕೂಗುತ್ತಿತ್ತಂತೆ. ನಾನು ಅದರ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದೆ.

“ಕಿವಿಗೇನು ಹತ್ತಿ ಇಟ್ಕೊಂಡಿದೀರಾ?” ಎಂದಳು ಇವಳು.

ಕೆಲಸದ ಯೋಚನೆ ಎಂದೆ. ಮೂವತ್ತು ವರ್ಷದಿಂದ ಇದೇ ಉತ್ತರ. ಒಪ್ಪಿಕೊಂಡಳು.

ಮಾರ್ಚ್ ೯, ಮಧ್ಯಾಹ್ನ

ಹುಡುಗಿ ಬಂದು ಕೇಳಿದಳು. ಮೊದಲು ಮುಖ ಕಿವುಚಿದಳು. ಆಮೇಲೆ ಕುರ್ಚಿಯಿಂದ ಎದ್ದೇಬಿಟ್ಟಳು.

“ಇದೇ ಸರ್! ಏನ್ ಚೂಪು! ಈಗ ಯಾರಿಗೂ ಇಷ್ಟು ಧೈರ್ಯ ಇಲ್ಲ.”

ಯಾವ ಧೈರ್ಯ ಎಂದು ಕೇಳಲಿಲ್ಲ. ಕಾಫಿ ತರಿಸಿದೆ.

ಏಪ್ರಿಲ್ ೨

ಹಾಡು ಹೊರಗೆ ಬಂತು, ಓಡಿತು. ಎಲ್ಲರೂ ಆ ಚೂಪಿನ ಬಗ್ಗೆಯೇ ಬರೆದಿದ್ದಾರೆ. ಹಳೆಯ ಕೈ, ಹಳೆಯ ರುಚಿ... ಇನ್ನೂ ಎರಡು ಬ್ಯಾಂಡಿನವರು ಫೋನ್ ಮಾಡಿದರು. ಅದೇ ಬೇಕಂತೆ.

ಹಾಡನ್ನು ಫೋನಿನಲ್ಲಿ, ಕಾರಿನಲ್ಲಿ, ಅಡುಗೆಮನೆಯ ರೇಡಿಯೋದಲ್ಲಿ ಕೇಳಿದೆ. ಎಲ್ಲಿಯೂ ಚೂಪಿಲ್ಲ. ಹೆದರಿಕೆಯಾಯಿತು. ಇಲ್ಲಿ ಬರೆಯುತ್ತೇನೆ, ಬೇರೆಲ್ಲಿಯೂ ಹೇಳುವುದಿಲ್ಲ.

ಏಪ್ರಿಲ್ ೫, ಬೆಳಿಗ್ಗೆ

ಕಿವಿ ಡಾಕ್ಟರ್. ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್, ಕೈಗೊಂದು ಗುಂಡಿ. ಶಬ್ದ ಕೇಳಿದಾಗ ಒತ್ತಬೇಕು. ಮೊದಲಿನವು ಕೇಳಿಸಿದವು. ಎಷ್ಟು ಹೊತ್ತಿಗೊಂದು ಬರುತ್ತದೆ ಎಂಬುದು ಹಿಡಿತಕ್ಕೆ ಸಿಕ್ಕಿತು. ಆಮೇಲೆ ಏನೂ ಕೇಳಿಸಲಿಲ್ಲ. ಬೆರಳು ಮಾತ್ರ ತಾಳಕ್ಕೆ ಸರಿಯಾಗಿ ಒತ್ತುತ್ತಾ ಹೋಯಿತು. ಮೋಸ ಮಾಡಬೇಕೆಂದಲ್ಲ. ಅಭ್ಯಾಸ.

ಡಾಕ್ಟರಮ್ಮ ಬಾಗಿಲು ತೆರೆದರು. “ಎಲ್ಲಾದಕ್ಕೂ ಒತ್ತಿದೀರಲ್ಲ ಸರ್! ಕೊನೆ ಆರು ಸಲ ನಾನು ಶಬ್ದಾನೇ ಕೊಟ್ಟಿರ್ಲಿಲ್ಲ.”

ಇನ್ನೊಮ್ಮೆ ಮಾಡಿದರು. ಕಾಗದದ ಮೇಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು, ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿದೆ. ಕೀಚಲು, ಪಿಸುಗುಟ್ಟುವುದು, ಯಾವ ಸಣ್ಣ ಸದ್ದೂ ಇನ್ನು ಬಾರದು. ದೊಡ್ಡ ಸ್ಪೀಕರಿನ ಪಕ್ಕ ಕಳೆದ ರಾತ್ರಿಗಳ ಫಲ.

“ಏನ್ ಕೆಲಸ ಮಾಡ್ತೀರಿ?”

“ಆಫೀಸು” ಎಂದೆ.

ಏಪ್ರಿಲ್ ೧೨

ಹುಡುಗಿಯ ಕೊನೆಯ ಹಾಡು. ಮೊದಲ ಒಂದು ನಿಮಿಷ ಡ್ರಮ್ ಇಲ್ಲ, ಬರೀ ದನಿ. ಸ್ಪೀಡ್ ಏರಿಸದ, ಅವಳದೇ ದನಿ. ಆಮೇಲೆ ಓಟ.

“ಇದು ಅಮ್ಮನಿಗೆ ಸರ್. ದೂರ ಇದಾರೆ. ಪಕ್ಕದಲ್ಲೇ ಕೂತು ಹಾಡಿದ ಹಾಗಿರ್ಬೇಕು.”

“ಆಗ್ಲಮ್ಮ” ಎಂದೆ. ಯಾವ ಬಾಯಿಂದ ಎಂದೆನೋ.

ಏಪ್ರಿಲ್ ೧೫

ಕಣ್ಣಿನಿಂದ ಮಿಕ್ಸ್ ಮಾಡಿದೆ. ಸ್ಕ್ರೀನಿನಲ್ಲಿ ಗೆರೆ ನೋಡಿ ಏರಿಸು, ಇಳಿಸು. ಹಾಡಿನ ಸಾಲುಗಳ ನಡುವೆ ಚೂರುಪಾರು ಗೆರೆಗಳಿದ್ದವು. ಕೇಳಿದರೆ ಅಲ್ಲಿ ಏನೂ ಇಲ್ಲ. ಕಸ ಎಂದು ಕತ್ತರಿಸಿದೆ. ಎಲ್ಲಾ ಚೊಕ್ಕಟ.

ಏಪ್ರಿಲ್ ೧೯, ಮಧ್ಯಾಹ್ನ ೩

ಕೇಳಿದಳು. ಹುಡುಗಿ ಹತ್ತು ಸೆಕೆಂಡಿಗೇ ಹೆಡ್‌ಫೋನ್ ತೆಗೆದಳು.

“ಸರ್, ಇದ್ರಲ್ಲಿ ನಾನು ಉಸಿರೇ ಎಳ್ಕೊಳ್ತಿಲ್ವಲ್ಲ. ಸತ್ತೋರು ಹಾಡಿದ ಹಾಗಿದೆ.”

ಏನಾದರೊಂದು ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಡ್ರಾಯರ್‌ನಿಂದ ಡಾಕ್ಟರ ಕಾಗದ ತೆಗೆದು ಮುಂದಿಟ್ಟೆ. ನೋಡಿದಳು, ಉಲ್ಟಾ ಹಿಡಿದು ಇನ್ನೊಮ್ಮೆ ನೋಡಿದಳು.

“ಹಾಗಾದ್ರೆ ಆ ಹೈ-ಹ್ಯಾಟ್?”

“ನನಗೆ ಕೇಳ್ಸೋ ತನಕ ಏರಿಸಿದ್ದಮ್ಮ.”

ನಗು ತಡೆಯಲಾಗಲಿಲ್ಲ ಅವಳಿಗೆ. ನನಗೂ. ಆಮೇಲೆ ಅವಳು ಕಾಗದ ಮಡಿಸಿ ಹಿಂದಕ್ಕೆ ಕೊಟ್ಟಳು.

“ಕುಣಿಯೋ ಹಾಡಿಗೆಲ್ಲ ನೀವೇ ಬೇಕು ಸರ್. ಹಾಗೇ ಇರ್ಲಿ. ನಾನು ಯಾರಿಗೂ ಹೇಳಲ್ಲ. ಇದೊಂದನ್ನ ಮಾತ್ರ... ಬೇರೆಯವ್ರ ಹತ್ರ ಕೊಡ್ತೀನಿ. ಬೇಜಾರಾಯ್ತಾ?”

“ಇಲ್ಲಮ್ಮ” ಎಂದೆ.

ಆಯಿತು. ತುಂಬಾ ಆಯಿತು.

ಏಪ್ರಿಲ್ ೨೧, ಸಂಜೆ ೫

ಹಾಡನ್ನು ನಾಳೆ ಆ ಬೇರೆಯವರಿಗೆ ಕಳಿಸಬೇಕು. ಕತ್ತರಿಸಿದ್ದನ್ನು ಕತ್ತರಿಸಿದವನೇ ಹಿಂದಕ್ಕೆ ಇಡಬೇಕು. ಕತ್ತರಿಸಿದ್ದರಲ್ಲಿ ಯಾವುದು ಉಸಿರು, ಯಾವುದು ನಿಜವಾಗಿಯೂ ಕಸ, ನನಗೆ ತಿಳಿಯದು. ಇವಳಿಗೆ ಎಲ್ಲಾ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಒದ್ದೆ ಕೈ ಒರೆಸಿಕೊಂಡು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ಮಿಕ್ಸ್ ಮಾಡುವ ಈ ಕೋಣೆಯಲ್ಲಿ ಇವಳು ಕೂತದ್ದು ಇದೇ ಮೊದಲು.

ಇವಳಿಗೆ ಹೆಡ್‌ಫೋನ್, ಅದರಲ್ಲಿ ಕತ್ತರಿಸದ ಮೂಲ ಹಾಡು. ಉಸಿರು ಕೇಳಿದಾಗ ಬೆರಳೆತ್ತುತ್ತಾಳೆ, ನಾನು ಗುರುತು ಹಾಕುತ್ತೇನೆ. ಹನ್ನೊಂದು ಆದವು. ಹನ್ನೆರಡನೆಯದಕ್ಕೆ ಹಾಡು ನಿಲ್ಲಿಸಲು ಹೇಳಿದಳು.

“ಅಮ್ಮಾ ಅನ್ನೋದಕ್ಕೆ ಮುಂಚೆ ಹುಡುಗಿ ಹೇಗೆ ಉಸಿರು ಎಳ್ಕೋತಾಳೆ ಗೊತ್ತಾ?”

“ಹೇಗೆ?”

ಮಾಡಿ ತೋರಿಸಿದಳು. ಬಾಯಿ ತೆರೆಯಿತು. ಹೆಗಲು ಏರಿತು, ಇಳಿಯಿತು. ಅಷ್ಟೇ ಕಂಡಿತು.

ಇನ್ನೊಂದು ಸಲ ಎಂದೆ. ಮಾಡಿದಳು. ಇನ್ನೊಂದು ಸಲ ಎಂದೆ. ಕುರ್ಚಿ ಹತ್ತಿರ ಎಳೆದುಕೊಂಡು, ನನ್ನ ಕಿವಿಯ ಬಳಿಯೇ ಬಂದು ಉಸಿರು ಎಳೆದು ಬಿಟ್ಟಳು. ಕೇಳಿಸಲಿಲ್ಲ, ಬೆಚ್ಚಗೆ ತಾಗಿತು.