ನೂರಿಪ್ಪತ್ತು ಎಡತೋಳು

ಮನೆಯಿಂದ,
ಮಾರ್ಚ್ ಹನ್ನೊಂದು, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ, ಇಲ್ಲ ಈಗಲೂ ಭಾವನನ್ನು ಬೈಯುತ್ತಲೇ ಮೆಟ್ಟಿಲು ಹತ್ತುತ್ತೀಯಾ? ಪುಟ್ಟಿಯ ಪರೀಕ್ಷೆ ಮುಗಿದಿರಬೇಕು. ಇದನ್ನೆಲ್ಲ ನಾನು ಊಹಿಸಿಕೊಂಡೇ ಬರೆಯಬೇಕು, ಏಕೆಂದರೆ ನೀನು ನನ್ನ ಜೊತೆ ಮಾತು ಬಿಟ್ಟು ಏಳು ತಿಂಗಳಾಯಿತು. ಫೋನ್ ಮಾಡಿದರೆ ಭಾವ ಎತ್ತಿಕೊಂಡು, ಮಲಗಿದ್ದಾಳೆ ಎನ್ನುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೂ ಮಲಗಿರುತ್ತೀಯ, ಸಂಜೆ ಐದಕ್ಕೂ ಮಲಗಿರುತ್ತೀಯ. ಅಷ್ಟು ನಿದ್ದೆ ಬರಿಸುವ ಮಾತ್ರೆ ನುಂಗುವವನು ನಾನು ತಾನೇ. ತಿಂಗಳಿಗೊಮ್ಮೆ ಆ ಮಾತ್ರೆಯ ಪಾರ್ಸೆಲ್ ಮಾತ್ರ ನಿನ್ನಿಂದ ತಪ್ಪದೆ ಬರುತ್ತದೆ. ಒಳಗೆ ಒಂದು ಚೀಟಿ ಕೂಡ ಇರುವುದಿಲ್ಲ. ತಮ್ಮ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ ಎಂದು ಖಾತ್ರಿಯಾದರೆ ಸಾಕು, ಹೇಗಿದ್ದಾನೆ ಎನ್ನುವ ಉಸಾಬರಿ ನಿನಗೆ ಬೇಡ. ತೆಗೆದುಕೊಳ್ಳುತ್ತಿದ್ದೇನೆ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಈ ಪತ್ರ ಬರೆಯಲು ಕೂತು ಇವತ್ತಿಗೆ ಐದನೇ ದಿನ. ಮೊದಲ ಸಾಲಿನಲ್ಲಿ ಶುರು ಮಾಡಿದ್ದು ಮೂರನೇ ಸಾಲಿಗೆ ಬರುವಷ್ಟರಲ್ಲಿ ಮರೆತೇ ಹೋಗಿರುತ್ತದೆ. ಅದಕ್ಕೇ ಹೇಳಬೇಕಾದ್ದನ್ನೆಲ್ಲ ಬೇರೆ ಹಾಳೆಯಲ್ಲಿ ಗುರುತು ಹಾಕಿಕೊಂಡು, ಹೇಳಿದ್ದನ್ನು ಹೊಡೆದು ಹಾಕುತ್ತ ಬರುತ್ತಿದ್ದೇನೆ. ನಗಬೇಡ. ಒಂದು ಕಾಲದಲ್ಲಿ ಗಿರಾಕಿಯ ಭುಜ, ಎದೆ, ಸೊಂಟ, ತೋಳು ಎಲ್ಲದರ ಅಳತೆ ಹಿಡಿದು, ಒಂದನ್ನೂ ಬರೆದುಕೊಳ್ಳದೆ ಸೀದಾ ಬಟ್ಟೆಯ ಮೇಲೆ ಚಾಕ್ ಎಳೆಯುತ್ತಿದ್ದವನು ನಾನು. ನಿನ್ನ ಗೆಳತಿಯರ ಮುಂದೆ ನೀನೇ ಜಂಬ ಕೊಚ್ಚಿಕೊಳ್ಳುತ್ತಿದ್ದೆ, ನೆನಪಿದೆಯಾ? ನನಗಂತೂ ನೆನಪಿದೆ. ಹಳೆಯದೆಲ್ಲ ನೆನಪಿರುತ್ತದೆ, ಬೆಳಿಗ್ಗೆ ಬೀಗ ಹಾಕಿದೆನೋ ಇಲ್ಲವೋ ಎನ್ನುವುದು ಮಾತ್ರ ಇರುವುದಿಲ್ಲ.

ಕೆಲಸದ ಸುದ್ದಿ ಹೇಳಿಬಿಡುತ್ತೇನೆ. ನಾನೀಗ ಕಟಿಂಗ್ ಮಾಸ್ಟರ್ ಅಲ್ಲ. ಹೋದ ತಿಂಗಳು ಯಾವುದೋ ಹೋಟೆಲಿನ ಸಿಬ್ಬಂದಿಗೆ ಅರವತ್ತು ಕೋಟು ಹೊಲಿಯುವ ಕೆಲಸ ಬಂದಿತ್ತು. ಬಟ್ಟೆಯನ್ನು ಹೊರಮೈ ಮೇಲಾಗುವಂತೆ ಪದರ ಪದರವಾಗಿ ಹಾಸಿ, ಮೇಲಿನ ಪದರಕ್ಕೆ ಗುರುತು ಹಾಕಿ, ಎಲ್ಲವನ್ನೂ ಒಟ್ಟಿಗೆ ಕತ್ತರಿಸುವುದು ನಮ್ಮ ಪದ್ಧತಿ. ತೋಳಿನ ಆಕಾರದ ರಟ್ಟನ್ನು ನೇರವಾಗಿಟ್ಟು ಗೆರೆ ಎಳೆದರೆ ಎಡತೋಳು, ಮಗುಚಿಟ್ಟು ಎಳೆದರೆ ಬಲತೋಳು. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಅದು. ನಾನು ಮಗುಚಲು ಮರೆತೆ. ಹೊಲಿಗೆಯವರು ಎತ್ತಿ ನೋಡಿದರೆ ಅರವತ್ತು ಕೋಟುಗಳಿಗೆ ನೂರಿಪ್ಪತ್ತು ಎಡತೋಳು! ಬಲತೋಳು ಒಂದೂ ಇಲ್ಲ.

ಮಾಲೀಕರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. 'ಹೋಗ್ಲಿ ಬಿಡಿ ಮಾಸ್ಟ್ರೇ, ನಿಮ್ಮ ವಿಷಯ ನಮಗೆ ಗೊತ್ತಿಲ್ವಾ' ಅಂದರು. ಮರುದಿನ ನನ್ನ ಕತ್ತರಿ ಇನ್ನೊಬ್ಬರ ಕೈಯಲ್ಲಿತ್ತು, ನನಗೆ ಕಿಟಕಿ ಪಕ್ಕದ ಗುಂಡಿ ಮೇಜು. ಇಪ್ಪತ್ತೆರಡು ವರ್ಷ ದುಡಿದವನಿಗೆ ಗುಂಡಿ ಹಚ್ಚುವ ಕೆಲಸ. ಆದರೆ ನಾನು ಹೇಳಹೊರಟದ್ದು ಅದಲ್ಲ. ಆ ತೋಳುಗಳ ರಾಶಿಯ ಮುಂದೆ ನಿಂತಿದ್ದೆನಲ್ಲ, ನನಗೆ ನಾಚಿಕೆಯೇ ಆಗಲಿಲ್ಲ ಅಕ್ಕಾ. ಈಗ ಆಗುತ್ತದೆ, ಈಗ ಆಗುತ್ತದೆ ಎಂದು ಕಾದೆ. ಬರಲಿಲ್ಲ. ಸುತ್ತ ನಿಂತವರ ಮುಖ ನೋಡಿ, ಓಹೋ ಇದು ದೊಡ್ಡ ತಪ್ಪೇ ಇರಬೇಕು ಎಂದು ತಿಳಿದುಕೊಂಡೆ. ಆಮೇಲೆ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಏಳು ತಿಂಗಳ ಹಿಂದೆ ಅಮ್ಮ ಹೋದ ದಿನವೂ ಆಗಿದ್ದು ಇದೇ. ನೀವೆಲ್ಲ ಹೊರಗೆ ಅಳುತ್ತಿದ್ದಿರಿ, ನಾನು ಅಡುಗೆಮನೆಯಲ್ಲಿ ತಟ್ಟೆ ಹಾಕಿಕೊಂಡು ಕೂತಿದ್ದೆ. ಎಲ್ಲವನ್ನೂ ಕಿತ್ತುಕೊಂಡ ಈ ಮಾತ್ರೆ ಬದಲಿಗೆ ಕೊಟ್ಟಿದ್ದು ಹಸಿವೊಂದನ್ನೇ. ನೀನು ಬಾಗಿಲಲ್ಲಿ ನಿಂತು, 'ಹೆತ್ತವಳು ಸತ್ತಿದ್ದಾಳೆ, ನಿನಗೆ ಊಟದ ಚಿಂತೆ. ನೀನು ಮನುಷ್ಯನಾ?' ಅಂದೆ. ಅದರ ಹಿಂದಿನ ಅರ್ಧ ಗಂಟೆ ನಾನು ಎಲ್ಲಿದ್ದೆ ಗೊತ್ತಾ? ಬಚ್ಚಲಲ್ಲಿ. ಕಣ್ಣಿಗೆ ಸೋಪು ಹಚ್ಚಿಕೊಳ್ಳುತ್ತಿದ್ದೆ. ಬಂದ ನೆಂಟರೆದುರು ನಿನಗೆ ಅವಮಾನವಾಗಬಾರದು, ಕಣ್ಣಾದರೂ ಕೆಂಪಗಿರಲಿ ಎಂದು. ಕೆಂಪಾಯಿತು, ನೀರೂ ಸುರಿಯಿತು. ಹೊರಗೆ ಬಂದಾಗ ಒಬ್ಬರೂ ನನ್ನ ಕಡೆ ನೋಡಲಿಲ್ಲ, ನೀನೂ ನೋಡಲಿಲ್ಲ.

ನಿನ್ನ ಕಡೆಯ ನ್ಯಾಯ ನನಗೆ ಗೊತ್ತಿಲ್ಲ ಅಂತಲ್ಲ. ಮಾತ್ರೆ ಶುರುವಾಗುವ ಮೊದಲು, ಹೊಲಿಗೆಯೊಳಗೆ ಯಾರೋ ತಂತಿ ಇಟ್ಟಿದ್ದಾರೆ, ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಮೂರು ದಿನ ಮನೆಯ ಬಟ್ಟೆಗಳನ್ನೆಲ್ಲ ಬಿಚ್ಚಿ ಹಾಕಿದವನು ನಾನೇ. ಅಪ್ಪನ ಗುರುತೆಂದು ಉಳಿದಿದ್ದ ಒಂದೇ ಕೋಟನ್ನೂ ಬಿಡಲಿಲ್ಲ. ತಡೆಯಲು ಬಂದ ನಿನ್ನ ತೋಳಿಗೂ ಕತ್ತರಿ ಹಾಕಿದೆ, ನಿನ್ನ ಕೈಗೆ ಹನ್ನೊಂದು ಹೊಲಿಗೆ ಬಿತ್ತು. ಅಂದಿನಿಂದ ನೀನು ಗಿಡ್ಡ ತೋಳಿನದು ತೊಟ್ಟವಳಲ್ಲ. ಆ ಉದ್ದ ತೋಳುಗಳನ್ನು ಹೊಲಿದುಕೊಟ್ಟವನೂ ನಾನೇ. ಮಾತ್ರೆ ನನ್ನ ತಲೆಯಿಂದ ಆ ತಂತಿಗಳನ್ನು ತೆಗೆಯಿತು. ಅಷ್ಟಕ್ಕೆ ನಾನು ಅದಕ್ಕೆ ಋಣಿ, ಇದು ಕೊಂಕಿನ ಮಾತಲ್ಲ. ಆದರೆ ಇಲಿ ಹಿಡಿಯಲು ಬಂದವರು ಮನೆಯ ಪಾತ್ರೆಪಗಡಿಯನ್ನೂ ಹೊತ್ತುಕೊಂಡು ಹೋದ ಹಾಗಾಯಿತು.

ಹೋದ ವಾರ ಆಸ್ಪತ್ರೆಗೆ ಮೊದಲ ಸಲ ಒಬ್ಬನೇ ಹೋಗಿದ್ದೆ. ಇಷ್ಟು ವರ್ಷ ನನ್ನ ಪಾಲಿನ ಉತ್ತರವನ್ನೂ ನೀನೇ ಹೇಳುತ್ತಿದ್ದೆ. 'ಚೆನ್ನಾಗಿದಾನೆ ಡಾಕ್ಟ್ರೇ, ಗಲಾಟೆ ಏನಿಲ್ಲ.' ಅವರು ಅದನ್ನೇ ಬರೆದುಕೊಳ್ಳುತ್ತಿದ್ದರು. ನನ್ನ ಆರೋಗ್ಯವೆಂದರೆ ನಿಮಗೆಲ್ಲ ಗಲಾಟೆ ಇಲ್ಲದಿರುವುದು, ಅಷ್ಟೇ. ಈಗ ಹೊಸ ಡಾಕ್ಟರಮ್ಮ ಬಂದಿದ್ದಾರೆ, ವಯಸ್ಸು ಚಿಕ್ಕದು. ಫೈಲು ಪಕ್ಕಕ್ಕಿಟ್ಟು, 'ಕೊನೇ ಸಲ ನಿಮಗೆ ಖುಷಿಯಾಗಿದ್ದು ಯಾವಾಗ?' ಎಂದು ಕೇಳಿದರು. ನಾನು ಎಷ್ಟು ಹೊತ್ತು ಯೋಚಿಸಿದೆನೆಂದರೆ, ಕೇಳಿಸಲಿಲ್ಲವೇನೋ ಎಂದು ಅವರು ಎರಡನೇ ಸಲ ಕೇಳಿದರು. ತೋಳಿನ ಕಥೆ, ಸೋಪಿನ ಕಥೆ ಎರಡನ್ನೂ ಹೇಳಿದೆ. ಅವರು ನಗಲಿಲ್ಲ. ಎಲ್ಲವೂ ಮಾತ್ರೆಯಿಂದಲೇ ಆಗಿದ್ದು ಎನ್ನಲಾಗದು, ಕಾಯಿಲೆಯದೂ ಪಾಲಿದೆ, ಆದರೆ ಇಷ್ಟು ದೊಡ್ಡ ಡೋಸು ಇಷ್ಟು ವರ್ಷ ತೆಗೆದುಕೊಂಡರೆ ಮನಸ್ಸು ಹೀಗೆ ಮರಗಟ್ಟುವುದುಂಟು, ತಲೆಯೂ ಮಂದವಾಗುವುದುಂಟು ಎಂದರು. ನಿಲ್ಲಿಸುವ ಹಾಗಿಲ್ಲವಂತೆ, ನಾನಾಗಿಯೇ ಕಡಿಮೆ ಮಾಡಿಕೊಳ್ಳಲೂಬಾರದಂತೆ. ಅವರ ಕಣ್ಗಾವಲಿನಲ್ಲಿ ಚೂರು ಚೂರೇ ಇಳಿಸಿ ನೋಡಬಹುದಂತೆ. ಹದಿನಾಲ್ಕು ವರ್ಷದಲ್ಲಿ ಈ ಮಾತನ್ನು ಒಬ್ಬರೂ ನನಗೆ ಹೇಳಿರಲಿಲ್ಲ. ನೀನೂ ಕೇಳಿರಲಿಲ್ಲ. ಇದೊಂದರ ಮೇಲೆ ನನಗೆ ಸಿಟ್ಟಿದೆ. ಸಿಟ್ಟೆಂದರೆ ನಿನ್ನ ಹಾಗೆ ಧಗಧಗ ಉರಿಯುವುದಲ್ಲ, ಹೊಗೆಯಷ್ಟೇ. ಅಷ್ಟಾದರೂ ಉಳಿದಿದೆ ಎಂದು ಡಾಕ್ಟರಮ್ಮನಿಗೆ ಸಮಾಧಾನ.

ಹಾಳೆಯಲ್ಲಿ ಬರೆದಿಟ್ಟುಕೊಂಡದ್ದು ಮುಗಿಯಿತು. ಭಾವನಿಗೆ ನಮಸ್ಕಾರ ತಿಳಿಸು, ಸುಳ್ಳು ಹೇಳಿ ಹೇಳಿ ಅವರಿಗೂ ಸುಸ್ತಾಗಿರಬೇಕು. ಪುಟ್ಟಿಗೆ ಮಾವನ ಆಶೀರ್ವಾದ. ಮೆಟ್ಟಿಲು ನಿಧಾನವಾಗಿ ಹತ್ತು.

ಇಂತಿ,
ನಿನ್ನ ತಮ್ಮ
(ಸದ್ಯಕ್ಕೆ ಗುಂಡಿ ಮಾಸ್ಟರ್)

ಲಕೋಟೆ ಅಂಟಿಸುವ ಮುಂಚೆ ಇಷ್ಟು: ಡೋಸು ಇಳಿಸಬೇಕಾದರೆ ಮನೆಯವರೊಬ್ಬರು ನಾಲ್ಕು ತಿಂಗಳು ನನ್ನ ಜೊತೆ ಇರಬೇಕಂತೆ. ಕಾಯಿಲೆ ಮರಳಿ ಬಂದರೆ ಮೊದಲ ದಿನವೇ ಗುರುತು ಹಿಡಿಯಬಲ್ಲವರು. ಅದು ನೀನು ಮಾತ್ರ. ನಿನಗೆ ಹೆದರಿಕೆಯಾಗುವುದು ಸಹಜ, ಬರುವುದಿಲ್ಲ ಅಂದರೆ ನಾನು ಬೇಸರಪಟ್ಟುಕೊಳ್ಳುವುದಿಲ್ಲ, ಬೇಸರಪಟ್ಟುಕೊಳ್ಳಲು ನನಗೆ ಆಗುವುದೂ ಇಲ್ಲ. ಆದರೆ ಒಂದು ಮಾತು ತಿಳಿದಿರು. ನನಗಿರುವ ಹೆದರಿಕೆ ತಂತಿಯದಲ್ಲ. ಮನಸ್ಸು ಮರಳಿ ಬಂದರೆ, ಒಂದು ದಿನ ಆ ಗುಂಡಿ ಮೇಜಿನ ಮುಂದೆ ಕೂತಿರುವಾಗಲೇ ಅಮ್ಮ ಸತ್ತಿದ್ದು ನನಗೆ ತಟ್ಟುತ್ತದೆ. ನಿಮ್ಮೆಲ್ಲರ ಅಳು ಆಗಲೇ ಮುಗಿದಿದೆ. ಆವತ್ತು ಅಮ್ಮನಿಗಾಗಿ ಅಳುವವನು ನಾನೊಬ್ಬನೇ. ಆಗ ಅಲ್ಲಿ ಯಾರಾದರೂ ಒಬ್ಬರು ಅವಳನ್ನು ನೋಡಿದ್ದವರು ಇರಬೇಕು ಅಕ್ಕಾ.